ಬೀಗಕ್ಕೆ ಹೇಳಿದ ಮಾತು

“ಲೇ ಸೂರಿ, ಆ ಬೀಗಕ್ಕ ತಾಳಿ ಕಟ್ಟಿಬಿಡಲೇ! ಅದನ್ನ ಬಿಟ್ಟು ಒಂದು ಹೆಜ್ಜಿ ಹೋಗಾಕ ಆಗವಲ್ದು ನಿನಗ!”

ಮೇಸ್ತ್ರಿ ಗಾದಿಲಿಂಗಪ್ಪ ಕೂಗಿದ. ಲಾರಿಗೆ ಹತ್ತಿ ತುಂಬುತ್ತಿದ್ದವರೆಲ್ಲ ನಕ್ಕರು. ಕೋಸಗಿಯಿಂದ ಕೂಲಿಗೆ ಬಂದ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡರು. ನನಗೆ ಅವನ ಹಲ್ಲು ಉದುರಿಸಬೇಕೆನಿಸಿತು. ಆದರೆ ಹೊಡೆಯಲು ಹೋಗಬೇಕೆಂದರೂ ಗೋದಾಮಿನ ಬೀಗ ಬಿಡಬೇಕಲ್ಲ!

ಒಳಗೆ ಸ್ವಿಚ್ ಆರಿಸಿದ್ದೇನೆ, ಗೊತ್ತು. ಬೀಗ ಬಿದ್ದಿದೆ, ಗೊತ್ತು. ಆದರೂ ಕಿಡಿ ಹಾರಿ, ಹತ್ತಿ ಹೊತ್ತಿ, ಪಕ್ಕದ ಗುಡಿಸಲಿನ ಮಕ್ಕಳು ಚೀರಿದಂತಾಗುತ್ತಿತ್ತು. ಮನೆಗೆ ಹೋಗಲು ಏರಿದ ಕೌತಾಳಂ ಬಸ್ಸಿನಿಂದ ಇಳಿದು ವಾಪಸ್ ಓಡಿ ಬಂದು ಬೀಗ ಜಗ್ಗಿ ಜಗ್ಗಿ ನೋಡುತ್ತಿದ್ದೆ.

“ಹಿಂಗಾದ್ರ ಬೀಗದ ಕೈ ಬ್ಯಾರೆಯವರಿಗೆ ಕೊಡ್ತೀನಿ ನೋಡು,” ಅಂದರು ಗೋದಾಮಿನ ಸಾವ್ಕಾರರು. ಶಾಲೆ ಬಿಟ್ಟು ತಿರುಗುತ್ತಿದ್ದ ನನ್ನ ಕೈಗೆ ಯಾರಾದರೂ ನಂಬಿ ಕೊಟ್ಟಿದ್ದು ಅದೊಂದೇ.

ಸಿಟ್ಟಿನಲ್ಲೇ ಆದೋನಿಯ ಆಸ್ಪತ್ರೆಗೆ ಹೋದೆ. ನರ್ಸ್ ಪ್ರತಿಮಾ ಎಲ್ಲ ಕೆದಕಿ ಕೇಳಿದಳು.

“ಬಿದ್ದೈತಿ ಅಂತ ಗೊತ್ತಿದ್ದೂ ಯಾಕ ಜಗ್ಗತೀ?”

“ಜಗ್ಗದಿದ್ರ ಎದಿ ಒಡೀತೈತ್ರಿ. ನನಗೇನು ಹುಚ್ಚಾ?”

“ಹುಚ್ಚಲ್ಲಪಾ, ಗೀಳು. ಡಾಕ್ಟ್ರು ಗುಳಿಗಿ ಕೊಡ್ತಾರ. ಉಳಿದದ್ದು ನಾನೂ ನೀನೂ ಮಾಡೋದು.”

ತನ್ನ ಬೀರುವಿಗೆ ನನ್ನಿಂದ ಬೀಗ ಹಾಕಿಸಿ, ಹೊರಗಿನ ಬೆಂಚಿನ ಮೇಲೆ ಕೂರಿಸಿದಳು. ಬೆವೆತುಹೋದೆ.

“ಬೀಗ ಬಿತ್ತೇನ್ರಿ ಸಿಸ್ಟರ್?”

“ಹೇಳಂಗಿಲ್ಲ.”

“ಹೂಂ ಅಂದ್ರ ಸಾಕ್ರಿ!”

“ನಾ ಹೂಂ ಅಂದ್ರ ನಿನ್ನ ಗೀಳಿಗೆ ಉಣ್ಣಾಕ ಹಾಕಿದಂಗ. ಕೂಡು. ಭಯ ಏರಲಿ, ತಾನೇ ಇಳೀತೈತಿ.”

ಇಳಿಯಿತು! ಯಾರೂ ಊದದೆ ಚಹಾ ತಣ್ಣಗಾದ ಹಾಗೆ.

ಏಳುವಾಗ ಬೀರುವಿನ ಕಡೆ ತಿರುಗಿ, “ಬರ್ತೀನ್ರಿ,” ಅಂದುಬಿಟ್ಟೆ.

“ಯಾರಿಗಂದಿ, ನನಗೋ ಅದಕ್ಕೋ?” ಪ್ರತಿಮಾ ನಕ್ಕಳು. “ಬೀಗಕ್ಕ ಬರ್ತೀನಿ ಅಂದ್ರ ಅದು ಕರೀತಾನೇ ಇರ್ತೈತಿ. ಹೋಗ್ತೀನಿ ಅನ್ನು.”

ಮೈ ಜುಂ ಎಂದಿತು. ಹೊಸಿಲಲ್ಲಿ ಆ ಮಾತಾಡಿದರೆ ಅವ್ವ ಹೊಡೆದೇಬಿಡುತ್ತಾಳೆ; ಹೋಗ್ತೀನಿ ಅಂದವರು ತಿರುಗಿ ಬರುವುದಿಲ್ಲವಂತೆ.

“ಕೆಟ್ಟದಾಗ್ತೈತ್ರಿ.”

“ಅದನ್ನೂ ನೋಡೇಬಿಡು.”

ವಾರವಾರವೂ ಹೋದೆ. ಗುಳಿಗೆ ನುಂಗಿದೆ, ಬೆಂಚಿನ ಮೇಲೆ ಬೆವೆತೆ, ಅವಳನ್ನು ಮನಸ್ಸಿನಲ್ಲೇ ಬೈದೆ, ಮತ್ತೆ ಹೋದೆ.

ಮೊನ್ನೆ ಸಂಜೆ ಸಾವ್ಕಾರರೂ ನಿಂತಿದ್ದರು. ಸ್ವಿಚ್ ಆರಿಸಿದೆ, ಬೀಗ ಹಾಕಿದೆ, ಒಂದೇ ಸಲ ಜಗ್ಗಿದೆ. ಎಲ್ಲರಿಗೂ ಕೇಳುವಂತೆ ಬೀಗಕ್ಕೆ ಹೇಳಿದೆ: “ಹೋಗ್ತೀನಿ!”

“ಏ, ಹೆಂಡ್ತಿನ್ನ ಬಿಟ್ಟು ಹೊಂಟ್ಯಾ?” ಗಾದಿಲಿಂಗಪ್ಪ ಹಲ್ಲು ಕಿಸಿದ. “ಸರಿಯಾಗಿ ಬಿದ್ದೈತೇನಲೇ ಬೀಗ?”

ಎದೆ ಹಾರಿತು. ಬಿದ್ದೈತಿ ಅನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿದೆ. ಗೀಳಿಗೆ ಇವತ್ತು ಉಪವಾಸ.

“ಬೀಗದ ಕೈ ಸೂರಿ ಹತ್ರಾನೇ ಇರಲಿ,” ಅಂದರು ಸಾವ್ಕಾರರು.

“ಲೇ, ಬಿತ್ತೋ ಇಲ್ಲೋ, ಹೇಳಲೇ!” ಮೇಸ್ತ್ರಿ ಬಿಡಲಿಲ್ಲ. ನಾನು ಹೆಜ್ಜೆ ಹಾಕಿದೆ.

ಹಿಂದೆ ಬೀಗ ಜಗ್ಗಿದ ಸದ್ದು. ಗಾದಿಲಿಂಗಪ್ಪನೇ! ಒಮ್ಮೆ ಜಗ್ಗಿದ. ಮತ್ತೊಮ್ಮೆ ಜಗ್ಗಿದ. ಎದುರಿಗಿದ್ದ ಹೆಂಗಸರು ಈ ಸಲ ಸೆರಗು ಅಡ್ಡ ಹಿಡಿಯದೆ ನಕ್ಕರು.

ನಾನು ತಿರುಗಲಿಲ್ಲ. ಕೌತಾಳಂ ಬಸ್ಸಿನ ಕಡೆ ನಡೆದೆ.