ರೇಣುಕವ್ವ ಹೇಳಿದ ಸಾಕ್ಷಿ

ಯಾವಗಲ್ ಊರಿನ ರೇಣುಕವ್ವ ಮುಂಜಾನಿಂದ ಮಗಳ ಹಣಿಗೆ ಒದ್ದಿ ಅರಬಿ ಹಾಕಾಕತ್ತಿದ್ಲು. ಮಗಳು ಶಾಂಭವಿ ಖಾಸಗಿ ದವಾಖಾನ್ಯಾಗ ಹೊಟ್ಟಿ ಕೊಯ್ಸಿಕೊಂಡು ಹಡದು ತವರಿಗೆ ಬಂದಾಕಿ, ಹೊರಸಿನ ಮ್ಯಾಲೆ ಜ್ವರದಾಗ ನಡುಗಾಕತ್ತಿದ್ಲು. ಹೊಲಿಗಿ ಮ್ಯಾಲಿನ ಪಟ್ಟಿ ಸರಿಸಿದ್ರ ಬರೇ ಕೀವು! ಕೂಸು ಹಾಲಿಗೆ ಅಳ್ತೈತಿ, ತಾಯಿಗೆ ಕಣ್ಣು ತೆರಿಯಾಕ ಆಗವಲ್ದು. ಹಡದವ್ವ ಹ್ಯಾಂಗ ಸುಮ್ನ ಕುಂತಾಳು? ಅರಿಷಿಣ ಎಣ್ಣಿ ಕಾಸಿ ತಂದೇಬಿಟ್ಲು.

"ಹಚ್ಚಬ್ಯಾಡ ರೇಣುಕಕ್ಕಾ!" ಬಾಜು ಮನಿ ಉಡಚವ್ವ ಹೊಸ್ತಿಲದಾಗಿಂದ ಕೂಗಿದ್ಲು.

"ಯಾಕ? ನಮ್ಮವ್ವ ನನಗೂ ಇದನ್ನ ಹಚ್ಚಿದ್ಲು."

"ನಿನಗ ಹೊಟ್ಟಿ ಕೊಯ್ದಿದ್ರೇನು? ಒಳಗ ನಂಜಾಗೇತಿ, ಎಣ್ಣಿಗೆ ಬಗ್ಗೂದಲ್ಲ ಅದು. ನಮ್ಮ ಮನಿಯವರಿಗೆ ಕಾಲಿನ ಆಪರೇಷನ್ ಆದಾಗ ಗಾಯಕ್ಕ ನಾ ಭಸ್ಮ ಹಚ್ಚಿದ್ದೆ. ಕೇಸ್ ಹಾಕಿದ ಮ್ಯಾಲೆ ದವಾಖಾನಿ ವಕೀಲ, ಕೀವಾಗಿದ್ದು ನಿಮ್ಮ ಭಸ್ಮದಿಂದ ಅಂದ. ಹಚ್ಚಿದ್ದು ಖರೇ ಅಂತ ಒಪ್ಪಬೇಕಾತು. ಕಾಲೂ ಹೋತು, ಕೇಸೂ ಹೋತು. ಲಗೂ ಗದಗಕ್ಕ ಒಯ್ಯೋಣ ನಡಿ!"

ಅಳಿಯ ಬಸವಪ್ರಸಾದ ಸಿಟ್ಟಿಲೆ ಕುದಿಯಾಕತ್ತಿದ್ದ. "ಟ್ರ್ಯಾಕ್ಟರ್ ತುಂಬ ಮಂದಿ ಒಯ್ದು ಆ ದವಾಖಾನಿ ಗಾಜು ಒಡೀತೀನಿ!"

"ಒಡೀರಿ ಅಳಿಯಾರ, ಒಡೀರಿ," ಉಡಚವ್ವ ಅಂದ್ಲು. " ಆಮ್ಯಾಲೆ ಕೇಸ್ ನಿಮ್ಮ ಮ್ಯಾಲೇ ಆಗ್ತೈತಿ. ಮೊದಲ ಗಾಡಿ ಕರೀರಿ."

ಗದಗದ ಡಾಕ್ಟರ್ ಕೀವು ಪರೀಕ್ಷಾಕ ಕಳಿಸಿ, ಗಾಯ ಸ್ವಚ್ಛ ಮಾಡಿ, ಔಷಧ ಶುರು ಮಾಡಿದ್ರು. "ಇನ್ನ ತಡಾ ಮಾಡಿದ್ರ ಜೀವಕ್ಕ ಕಷ್ಟ ಇತ್ತು" ಅಂದ್ರು. ರೇಣುಕವ್ವ ಕೂಸಿನ್ನ ಎತ್ತಿಕೊಂಡು ಮಗಳ ಬಾಜೂಕ ಕುಂತ್ಲು. ಮಗಳ ಜ್ವರ ಇಳಿಯೋತನಕ ಆಕಿ ಅಲ್ಲಿಂದ ಏಳಲಿಲ್ಲ.

ಶಾಂಭವಿ ಚೇತರಿಸಿಕೊಂಡ ಮ್ಯಾಲೆ, ಹೊಟ್ಟಿ ಕೊಯ್ದ ದವಾಖಾನಿ ಮ್ಯಾಲೆ ದೂರು ಕೊಡಾಕ ಎಲ್ಲಾರೂ ಕೂಡಿ ರೋಣದ ಕೋರ್ಟಿನಾಗಿರೋ ಕಾನೂನು ಸೇವಾ ಸಮಿತಿಗೆ ಹೋದ್ರು. ಹೆಣ್ಣುಮಕ್ಕಳಿಗೆ ಅಲ್ಲಿ ವಕೀಲರು ಪುಕ್ಕಟ ಸಿಗ್ತಾರ.

"ಕೀವಾತು ಅಂದಮಾತ್ರಕ್ಕ ದವಾಖಾನಿ ತಪ್ಪು ಅಂತ ಆಗೂದಿಲ್ರಿ," ವಕೀಲರಾದ ಅರ್ಚನಾ ಅಂದ್ರು. "ಎಷ್ಟು ಕಾಳಜಿ ಮಾಡಿದ್ರೂ ಒಮ್ಮೊಮ್ಮೆ ಆಗ್ತೈತಿ. ಅವರು ಮಾಡಬೇಕಾದ್ದು ಮಾಡ್ಲಿಲ್ಲ, ಅದರಿಂದನ ತ್ರಾಸಾತು ಅಂತ ತೋರಿಸ್ಬೇಕು. ದವಾಖಾನಿ ದಾಖಲಿ ಬರದು ಕೇಳೋಣ, ಮೂರು ದಿನದಾಗ ಕೊಡಬೇಕು ಅವರು. ಬ್ಯಾರೆ ಡಾಕ್ಟರ ಅಭಿಪ್ರಾಯನೂ ಬೇಕು. ಖರೇ ಹೇಳ್ರಿ, ನೋವು ಅಂತ ಅಲ್ಲೇ ಹೇಳಿದ್ರೇನು?"

"ಹೇಳೀನ್ರಿ," ಶಾಂಭವಿ ಅಂದ್ಲು. "ಜ್ವರಾನೂ ಬಂದಿತ್ತು. ಬಾಣಂತಿಗೆ ಇದೆಲ್ಲ ಇರೂದೇ ಅಂತಂದು, ಪಟ್ಟಿ ಬಿಚ್ಚಿ ನೋಡದೇ ಮನಿಗೆ ಕಳಿಸಿದ್ರು."

"ಇದನ್ನ ಕೇಳಿದವರು ಯಾರಿದಾರ?"

ಡಾಕ್ಟರ ಎದುರು ನಿಂತು ಗೆದ್ದವರನ್ನ ರೇಣುಕವ್ವ ಕಂಡಿರಲಿಲ್ಲ. ಅಂಜಿಕಿ ಇದ್ದೇ ಇತ್ತು, ಆದ್ರೂ ಮುಂದ ಬಂದ್ಲು.

"ನಾ ಕೇಳೀನ್ರಿ. ಬಾಜೂಕ ಇದ್ದೆ. ದೊಡ್ಡವರ ಮುಂದ ತಕರಾರ ಮಾಡಬ್ಯಾಡ, ಸುಮ್ಕಿರು ಅಂತ ನಾನೇ ಮಗಳ ಬಾಯಿ ಮುಚ್ಚಿಸಿದೆ. ಅದನ್ನೂ ಬರೀರಿ. ಎಲ್ಲಿ ಕರೀತೀರಿ, ಅಲ್ಲಿ ಬಂದು ಹೇಳ್ತೀನಿ."

ಅಕ್ಕಂದಿರ, ಅಣ್ಣಂದಿರ, ಆಪರೇಷನ್ ಆದವರಿಗೆ ಜ್ವರ ಬಂದು ಗಾಯ ಕೀವಾದ್ರ ಮನಿಮದ್ದು ಹಚ್ಚಬ್ಯಾಡ್ರಿ, ಲಗೂ ಡಾಕ್ಟರಿಗೆ ತೋರಿಸ್ರಿ. ಚೀಟಿ, ರಸೀದಿ ಯಾವುದನ್ನೂ ಒಗಿಬ್ಯಾಡ್ರಿ. ದವಾಖಾನಿ ಮ್ಯಾಲೆ ಗ್ರಾಹಕರ ಆಯೋಗಕ್ಕ ದೂರು ಕೊಡಾಕ, ತ್ರಾಸಾದಾಗಿಂದ ಎರಡು ವರ್ಷದ ಗಡುವು ಐತಿ. ಮತ್ತ, ನಿಮ್ಮ ಮನಿ ಹೆಣ್ಣುಮಗಳು ನೋಯ್ತೈತಿ ಅಂದ್ರ ಸುಮ್ಕಿರು ಅನಬ್ಯಾಡ್ರಿ. ಆಕಿ ಪರವಾಗಿ ನೀವೇ ಗಟ್ಟಿ ದನಿಲೆ ಕೇಳ್ರಿ.