ನಾಲ್ಕನೇ ಅಂಚು

ಬೆಳಿಗ್ಗೆ ಏಳು ಗಂಟೆ. ಅಂಟಣ್ಣ ತೀರಿಕೊಂಡು ಒಂದು ರಾತ್ರಿ ಕಳೆದಿತ್ತು. ಅವನ ಹೆಂಡತಿ ಕಟ್ಟೆಗೆ ಬಿಗಿದಿದ್ದ ಲಾಂಚನ್ನು ಹತ್ತಿ, ಮುಂದಿನ ಕಿಟಕಿಯ ಚೌಕಟ್ಟಿನ ಸುತ್ತ ಬೆರಳಾಡಿಸುತ್ತಿದ್ದಳು. ಮೇಲೆ, ಎಡಕ್ಕೆ, ಬಲಕ್ಕೆ ಸಂದಿ ಮುಚ್ಚುವ ಅಂಟು, ಹೊಸ ಸೀಲೆಂಟ್, ನುಣ್ಣಗೆ ಕೂತಿತ್ತು. ಕೆಳಗಿನ ಅಂಚಿನಲ್ಲಿ ಬೆರಳು ಖಾಲಿ ಸಂದಿಗೆ ಇಳಿಯಿತು.

ಹಿಂದಿನ ದಿನ ಅವನು ಬಿರುಕು ಬಿಟ್ಟ ಹಳೆಯದನ್ನೆಲ್ಲ ಕೆರೆದು ತೆಗೆದು, ಮೂರು ಕಡೆ ತುಂಬಿ, “ಟೀ ಕುಡಿದು ನಾಲ್ಕನೇದು ಮುಗಿಸ್ತೀನಿ” ಎಂದು ಹಗ್ಗದ ಸುರುಳಿಯ ಮೇಲೆ ಕೂತಿದ್ದ. ಅವಳು ಲೋಟ ತರುವಷ್ಟರಲ್ಲಿ ಉಸಿರು ನಿಂತಿತ್ತು.

ಸ್ಮಶಾನ ಕೊಲ್ಲಿಯ ಆಚೆ ದಡದಲ್ಲಿತ್ತು. ಶವಪೆಟ್ಟಿಗೆಯನ್ನು ಇದೇ ಲಾಂಚಿನಲ್ಲಿ, ಇದೇ ಕಿಟಕಿಯ ಕೆಳಗೆ ಇಡಬೇಕು. ಅಲೆ ಬಡಿದರೆ ನೀರು ನೇರ ಅದರ ಮೇಲೆ.

ಗಂಡನ ಅಣ್ಣ ಪ್ಲಾಸ್ಟಿಕ್ ಹಾಳೆ ಹಿಡಿದು ಬಂದ. “ಇದನ್ನ ಬಡಿದು ಹೊರಟುಬಿಡೋಣಮ್ಮ. ಜನ ಕಾಯ್ತಿದ್ದಾರೆ.”

“ಪ್ಲಾಸ್ಟಿಕ್ ಬಡಿಯೋರನ್ನ ಕಂಡ್ರೆ ನಿಮ್ಮ ತಮ್ಮ ಉರಿದುಬೀಳ್ತಿದ್ರು. ಅವರನ್ನೇ ಪ್ಲಾಸ್ಟಿಕ್ ಕೆಳಗೆ ಕಳಿಸ್ಲಾ ಭಾವ?”

“ಮತ್ತೆ ಯಾರು ತುಂಬ್ತಾರೆ? ಊರಿಗೆಲ್ಲ ಇದ್ದವನು ಅವನೊಬ್ಬ.”

“ನಾನು.”

“ಒಂದು ದಿನವಾದ್ರೂ ಸೀಲೆಂಟ್ ಗನ್ ಹಿಡಿದಿದ್ದೀಯಾ?”

“ಇಲ್ಲ.”

ಲಾಂಚಿನವನು ನಡುವೆ ಬಾಯಿ ಹಾಕಿದ. “ತುಂಬ್ಲಿ ಬಿಡಿ ಅಣ್ಣ. ಕೆಟ್ರೆ ನನ್ನ ಕಿಟಕಿ ತಾನೆ ಕೆಡೋದು? ಆದ್ರೆ ಅಕ್ಕ, ಸಂಜೆ ಗಾಳಿ ಏಳೋದ್ರೊಳಗೆ ಆಚೆ ಸೇರ್ಬೇಕು.”

*

ಮದುವೆಯಾದ ಹೊಸದು. ಅವನ ಬೆರಳು ಬಾಳೆಕಾಯಿಯಷ್ಟು ದಪ್ಪ. ಸವರಿದರೆ ಸೀಲೆಂಟ್ ಸಂದಿಯಾಚೆ ಹರಡುತ್ತಿತ್ತು. ಒಂದು ಮಧ್ಯಾಹ್ನ, ಬುತ್ತಿ ತಂದವಳ ತೋರುಬೆರಳು ಹಿಡಿದು ಸೋಪಿನ ನೀರಿಗೆ ಅದ್ದಿದ.

“ಒಂದೇ ಉಸಿರಲ್ಲಿ ಎಳೀಬೇಕು. ನಡುವೆ ನಿಂತ್ರೆ ಗಂಟು ಬೀಳುತ್ತೆ.”

ಅಂದಿನಿಂದ ತುಂಬುವುದು ಅವನು, ಸವರುವುದು ಅವಳು. ಭಾನುವಾರಗಳಲ್ಲಿ ಇಬ್ಬರೂ ಮೆತ್ತನೆಯ ಬಟ್ಟೆ ಹಿಡಿದು ದೋಣಿಗಳ ಅಂಚು ತೊಳೆಯುತ್ತಿದ್ದರು. ಅವಳ ಕಣ್ಣು ಮುಚ್ಚಿಸಿ, ಸೀಲೆಂಟ್ ಎಲ್ಲಿ ಎದ್ದಿದೆ ಹೇಳು ಎನ್ನುತ್ತಿದ್ದ. “ಉಪ್ಪು ಕೂತು ಎದ್ದದ್ದು ಕಣ್ಣಿಗೆ ಕಾಣಲ್ಲ ಕಣೇ, ಬೆರಳಿಗೆ ಸಿಗುತ್ತೆ.” ನೆಂಟರ ಮನೆಗೆ ಹೋದರೂ ಬಚ್ಚಲ ಕಿಟಕಿಯ ಅಂಚು ಒತ್ತಿ ನೋಡದೆ ಊಟಕ್ಕೆ ಕೂರುತ್ತಿರಲಿಲ್ಲ. ಅಂಟಣ್ಣ ಎಂಬ ಹೆಸರು ಹಾಗೆ ಬಂತು.

*

ಅಂಚು ತೊಳೆಯಲೆಂದು ಭಾವ ಬಕೆಟ್ಟನ್ನು ಸಮುದ್ರಕ್ಕೆ ಇಳಿಬಿಟ್ಟಿದ್ದ.

“ಅಯ್ಯೋ, ಉಪ್ಪುನೀರಲ್ಲ ಭಾವ, ನಲ್ಲಿ ನೀರು! ಅವರಿದ್ದಿದ್ರೆ ಬಕೆಟ್ ಜೊತೆ ನಿಮ್ಮನ್ನೂ ನೀರಿಗೆ ತಳ್ಳೋರು.”

“ಒಂದ್ಸಲ ತಳ್ಳಿದ್ದ” ಎಂದ ಭಾವ.

ಕಟ್ಟೆಯ ಮೇಲಿದ್ದವರು ನಕ್ಕರು. ಆಮೇಲೆ ಯಾಕೆ ಸೇರಿದ್ದೇವೆಂದು ನೆನಪಾಗಿ ಕೆಮ್ಮಿದರು.

ರಾತ್ರಿ ಕೂತ ಉಪ್ಪನ್ನು ಅವಳು ನಲ್ಲಿ ನೀರಿನಲ್ಲಿ ತೊಳೆದಳು, ಒರೆಸಿ ಒಣಗಿಸಿದಳು, ಸ್ಪಿರಿಟ್ ಅದ್ದಿದ ಬಟ್ಟೆಯಿಂದ ಸಂದಿಯನ್ನು ಮತ್ತೊಮ್ಮೆ ಉಜ್ಜಿದಳು. ಗನ್ ಎತ್ತಿ ಒತ್ತಿದಳು. ಸೀಲೆಂಟ್ ಬಂತು, ನಿಂತಿತು, ಮತ್ತೆ ಬುಳಕ್ಕೆಂದು ಬಂದು ಗುಡ್ಡೆಯಾಯಿತು. ಒರೆಸಿ ಮತ್ತೆ ಒತ್ತಿದಳು. ಹಾವು ಹೋದಂತೆ ಹೋಯಿತು.

“ತಾ ಇಲ್ಲಿ” ಎಂದ ಭಾವ. “ಒತ್ತೋಕೆ ಬಲ ಬೇಕು. ನಾನು ತುಂಬ್ತೀನಿ, ನೀನು ಸವರು.”

ಅವನ ಬೆರಳೂ ಬಾಳೆಕಾಯಿಯಷ್ಟೇ ದಪ್ಪವಿತ್ತು.

“ನಿಧಾನ ಭಾವ. ಕೈ ನಿಲ್ಲಿಸ್ಬೇಡಿ.”

ಎಡಮೂಲೆಯಿಂದ ಬಲಮೂಲೆಯವರೆಗೆ ಅವನು ತುಂಬಿದ. ಅವಳು ತೋರುಬೆರಳನ್ನು ಸೋಪಿನ ನೀರಿಗೆ ಅದ್ದಿ, ಉಸಿರು ಬಿಗಿಹಿಡಿದು ಎಳೆದಳು. ಗಂಟು ಬೀಳಲಿಲ್ಲ.

ಮೇಲ್ಪದರ ಗಟ್ಟಿಯಾಗುವವರೆಗೆ ಎಲ್ಲರೂ ಕಟ್ಟೆಯ ಮೇಲೆ ಕೂತು ಕಾದರು. “ಬದುಕಿದ್ದಾಗಲೂ ಹೀಗೇ ಕಾಯಿಸ್ತಿದ್ದ” ಎಂದು ಯಾರೋ ಅಂದರು. ಮಧ್ಯಾಹ್ನ ಮೂರರ ಹೊತ್ತಿಗೆ ಅವಳು ಅಂಚು ಮುಟ್ಟಿ ನೋಡಿದಳು. ಬೆರಳಿಗೆ ಏನೂ ಹತ್ತಲಿಲ್ಲ.

ಪೆಟ್ಟಿಗೆ ಏರಿಸಿ ಹೊರಟರು. ನಡುನೀರಿನಲ್ಲಿ ದೊಡ್ಡದೊಂದು ಅಲೆ ಗಾಜಿಗೆ ಬಡಿದು ಕೆಳಗಿಳಿಯಿತು. ಒಳಗಿದ್ದವರೆಲ್ಲ ಕಿಟಕಿಯತ್ತ ತಿರುಗಿದರು. ಅವಳು ಪೆಟ್ಟಿಗೆಯ ಮೇಲಿಂದ ಬಾಗಿ ಒಳ ಅಂಚಿನುದ್ದಕ್ಕೂ ಬೆರಳೆಳೆದು ಭಾವನಿಗೆ ತೋರಿಸಿದಳು. ಬೆರಳು ಒದ್ದೆಯಾಗಿರಲಿಲ್ಲ.

ಮರುದಿನ ಬೆಳಿಗ್ಗೆ ಲಾಂಚಿನವನು ಹಿಂದಿನ ಕಿಟಕಿಯೂ ಸೋರುತ್ತಿದೆ ಎಂದು ಹೇಳಲು ಬಂದ. ಅವಳು ಭಾವನಿಗೆ ಹೇಳಿ ಕಳಿಸಿ, ಸೋಪಿನ ನೀರು ಕಲಸಿದಳು.