ಧಾರವಾಡಕ್ಕೆ ಹೋದ ಕಿವಿ

ಹಗರಿಬೊಮ್ಮನಹಳ್ಳಿಯ ನೂರ್ ಅಹಮದರು ರಿಪೇರಿಗೆ ಕೂತರೆಂದರೆ, ಕೂಡ್ಲಿಗಿಯಿಂದ ಹರಪನಹಳ್ಳಿಯವರೆಗೆ ಕೆಮ್ಮುತ್ತಿದ್ದ ಹಾರ್ಮೋನಿಯಂ ಪೇಟಿಗಳೆಲ್ಲ ಹೆದರಿ ತಾವೇ ಶ್ರುತಿಗೆ ಬರುತ್ತಿದ್ದವು. ಸುಳ್ಳೆನಿಸಿದರೆ ಕೊಟ್ಟೂರಿನ ಭಜನೆಯವರನ್ನು ಕೇಳಿ. ಅವರು ಇನ್ನೂ ಎರಡು ಸೇರಿಸಿಯೇ ಹೇಳುತ್ತಾರೆ.

ಅಂಥವರ ಬಲಗಿವಿ ಎರಡು ವರ್ಷದಿಂದ ಪೂರ್ತಿ ಮುಚ್ಚಿತ್ತು. ಎಡಗಿವಿಯೂ ಮಂದ. ಇದು ಯಾರಿಗೂ ಗೊತ್ತಿಲ್ಲವೆಂದೇ ಅವರು ತಿಳಿದಿದ್ದರು. ಹೋದ ತಿಂಗಳು ಹೆಂಡತಿ ರಹಿಮತ್ ಬೀ ಮಗಳ ಬಾಣಂತನಕ್ಕೆ ಕೂಡ್ಲಿಗಿಗೆ ಹೋಗಿದ್ದಾಗ ರಿಪೇರಿ ಮಾಡಿ ಕೊಟ್ಟ ಪೇಟಿಯನ್ನು ಹಿರೇಹಡಗಲಿಯ ಬಯಲಾಟದ ಮಾಸ್ತರ ಬೊಮ್ಮಪ್ಪ ವಾಪಸ್ ತಂದಿಟ್ಟು, "ಸಾಬ್ರ, ಇದು ಹಾಡಾಕತ್ತಿಲ್ಲ, ಅಳಾಕತ್ತೈತಿ" ಅಂದ. ನಲವತ್ತು ವರ್ಷದಲ್ಲಿ ವಾಪಸ್ ಬಂದ ಮೊದಲ ಪೇಟಿ ಅದು. ಅಂದೇ ನಿಶ್ಚಯಿಸಿದರು: ಧಾರವಾಡದಲ್ಲಿ ಪೇಟಿ ಕಟ್ಟುವ ಗೆಳೆಯ ಭೀಮರಾಜನ ಮುಂದೆ ಪರೀಕ್ಷೆಗೆ ಕೂರುವುದು. ಸೋತರೆ ಅಂಗಡಿಗೆ ಬೀಗ. ಹೆಂಡತಿಗೆ ಮಾತ್ರ, "ಊರು ನೋಡಿ ಬರೂಣು ಬಾ" ಎಂದರು.

ಧಾರವಾಡವೆಂದರೆ ಸಾಮಾನ್ಯವೇ! ಅಲ್ಲಿ ನಾಯಿ ಬೊಗಳಿದರೂ ತಾಳ ತಪ್ಪುವುದಿಲ್ಲ. ಕೂಸು ಅತ್ತರೆ ತಾಯಿ ಮೊದಲು ರಾಗ ಯಾವುದೆಂದು ಗುರುತಿಸಿ ಆಮೇಲೆ ಹಾಲು ಕೊಡುತ್ತಾಳೆ. ರಹಿಮತ್ ಬೀ ಹಳೆಯ ಹೆಂಚಿನ ಮನೆಗಳನ್ನೂ ಚಿತ್ರ ಕಲಿಸುವ ಶಾಲೆಯ ಬಣ್ಣದ ಗೋಡೆಗಳನ್ನೂ ಕಣ್ತುಂಬ ನೋಡಿದರು. ಒಂಬತ್ತು ಪೇಢೆ ತಿಂದು ಎರಡೇ ಎಂದರು. ಒಂದು ಓಣಿಯಲ್ಲಿ, ಮಾಳಿಗೆಯ ಮೇಲೆ ಯಾರೋ ಹಾಡುತ್ತಿದ್ದರು. ನೂರ್ ಅಹಮದರು ಕಣ್ಣು ಮುಚ್ಚಿ, ಮಹಾ ಪಂಡಿತರಂತೆ ತಲೆದೂಗಿದರು.

"ಎಷ್ಟಂತ ತೂಗತೀರಿ? ಹಾಡು ನಿಂತು ಹೊತ್ತಾತು. ಈಗ ಕುಕ್ಕರ್ ಕೂಗಾಕತ್ತೈತಿ."

"ಅದೂ ಶ್ರುತಿಯಾಗೇ ಐತಿ ಬಿಡು."

ರಹಿಮತ್ ಬೀ ನಗಲಿಲ್ಲ. ಸುತ್ತಿಬಂದು ಅವರ ಎಡಬದಿಗೆ ನಿಂತು ಕೈ ಹಿಡಿದು ನಡೆದರು.

ಮಧ್ಯಾಹ್ನ ಭೀಮರಾಜನ ಅಂಗಡಿ ಸಿಕ್ಕಿತು. ಹೆಂಡತಿಯನ್ನು ಹೊರಗಿನ ಕಟ್ಟೆಯ ಮೇಲೆ ಕೂರಿಸಿ ನೂರ್ ಅಹಮದರು ಒಳಗೆ ಹೋಗಿ, ಬಂದ ಕಾರಣ ಹೇಳಿದರು. ಭೀಮರಾಜ ಎರಡು ರೀಡು ಕೊಟ್ಟ, ಪೇಟಿಯೊಳಗೆ ಸ್ವರ ನುಡಿಯುವ ಹಿತ್ತಾಳೆಯ ತೆಳು ನಾಲಿಗೆಗಳು. ಒಂದರ ಸ್ವರಕ್ಕೆ ಇನ್ನೊಂದನ್ನು ಕೂಡಿಸಬೇಕು. ತುದಿ ಕೆರೆದರೆ ಸ್ವರ ಏರುತ್ತದೆ, ಬುಡ ಕೆರೆದರೆ ಇಳಿಯುತ್ತದೆ. ನೂರ್ ಅಹಮದರು ಅರ ಹಿಡಿದು ಕೆರೆದರು, ಬೆವರಿದರು. ಆ ಬೆವರಿಗೆ ಕೆಲಗೇರಿ ಕೆರೆ ಕೋಡಿ ಬೀಳಬೇಕಿತ್ತು. ಒಟ್ಟಿಗೆ ನುಡಿಸಿದರೆ ಎರಡೂ ರೀಡು ಸವತಿಯರಂತೆ ವಂಯ್ ವಂಯ್ ಎಂದು ಜಗಳಕ್ಕಿಳಿದವು. ಭೀಮರಾಜ ತಲೆ ತಗ್ಗಿಸಿದ.

"ಮುಗೀತಲ್ಲಪಾ ನನ್ನ ಅಂಗಡಿ," ಎಂದರು ನೂರ್ ಅಹಮದರು.

"ಯಾರ ಹೇಳಿದ್ರು?" ಬಾಗಿಲಲ್ಲಿ ರಹಿಮತ್ ಬೀ ನಿಂತಿದ್ದರು. "ಇನ್ನೊಂದ ಸರ್ತಿ ಮಾಡ್ರಿ, ನೋಡೂಣು."

ಬಂದು ಎದುರಿಗೇ ಕೂತರು. ಊರಲ್ಲೂ ದಿನವಿಡೀ ಹೀಗೇ, ಗಂಡನ ಎದುರು ಕೂತು ಹೂವಿನಂಗಡಿಗೆ ಮಾಲೆ ಕಟ್ಟಿಕೊಡುವ ಕೈ ಅದು. ಚೀಲದಿಂದ ಒದ್ದೆ ಬಟ್ಟೆ ಬಿಚ್ಚಿ, ಹಡಗಲಿ ಮಲ್ಲಿಗೆಯ ಮೊಗ್ಗು ತೆಗೆದು ಕಟ್ಟತೊಡಗಿದರು.

ರೀಡು ನುಡಿಯಿತು. ಮಾಲೆ ಕಟ್ಟುವ ಬೆರಳು ನಿಂತವು. ನೂರ್ ಅಹಮದರು ಕೆರೆದರು. ಬೆರಳು ಎರಡು ಗಂಟು ಹಾಕಿ ಮತ್ತೆ ನಿಂತವು. ಮತ್ತೆ ಕೆರೆದರು, ಕೂದಲಿನಷ್ಟು. ಈಗ ಬೆರಳು ಓಡಿದವು ನೋಡಿ, ಆ ವೇಗಕ್ಕೆ ಹೊಸಪೇಟೆಯ ರೈಲು ನಾಚಿ ಹಿಂದಕ್ಕೆ ಹೋಗಬೇಕು! ಭೀಮರಾಜ ಎರಡನ್ನೂ ಕೂಡಿಸಿ ನುಡಿಸಿದ. ಒಂದೇ ಸ್ವರ.

"ಸಾಬ್ರ," ಅಂದ ಭೀಮರಾಜ ಮೆಲ್ಲಗೆ, "ನೀವು ಒಮ್ಮೆನೂ ರೀಡು ನೋಡ್ಲಿಲ್ಲ. ಅಮ್ಮಾರ ಕೈ ನೋಡಾಕತ್ತಿದ್ರಿ."

ನೂರ್ ಅಹಮದರು ಬೆಪ್ಪಾದರು. ಅದು ಅವರಿಗೇ ಗೊತ್ತಿರಲಿಲ್ಲ. "ರಹಿಮತ್, ನಿನಗ ಗೊತ್ತಿತ್ತೇನು?"

"ಶ್ರುತಿ ಗಿರುತಿ ನನಗ ತಿಳಿಯಂಗಿಲ್ರೀ. ಸ್ವರ ಚುಚ್ಚಿದ್ರ ಕೈಯಾಗ ಗಂಟು ಬೀಳಂಗಿಲ್ಲ, ಅಷ್ಟ. ನಿಮ್ಮ ಕಿವಿ ಸುದ್ದಿ ಮಾತ್ರ ಮೊದಲಿಂದ್ಲೂ ಗೊತ್ತು. ನೀವ ಹೇಳ್ಲಿ ಅಂತ ಸುಮ್ಮನಿದ್ದೆ."

"ಅಂದ್ರ ಅಂಗಡಿ..."

"ನಾ ಎದುರಿಗೆ ಕುಂದ್ರತೀನಿ, ತೆಗೀರಿ. ಆದ್ರ ಕಿವಿ ನಂದಾದ ಮ್ಯಾಲೆ ಚಹಾ ನಿಮ್ಮದು."

ಮದುವೆಯಾದಾಗಿನಿಂದ ಒಂದು ಲೋಟ ಎತ್ತಿ ತಂದವರಲ್ಲ ನೂರ್ ಅಹಮದರು. ಎದ್ದು ರಸ್ತೆ ದಾಟಿ, ಮೂರು ಕಪ್ಪು ಹಿಡಿದು, ಇಡೀ ಧಾರವಾಡದ ಗಾಡಿಗಳನ್ನು ಕಣ್ಣಲ್ಲೇ ನಿಲ್ಲಿಸುತ್ತ ಬಂದರು. ಅರ್ಧ ಚೆಲ್ಲಿತ್ತು. ಸಕ್ಕರೆ ಹಾಕಿಸಲು ಮರೆತಿದ್ದರು.

ರಹಿಮತ್ ಬೀ ಕೊನೆಯ ಗುಟುಕಿನವರೆಗೂ ಕುಡಿದರು. "ಭಾಳ ಚಲೋ ಐತಿ," ಎಂದು ಕಪ್ಪು ಚಾಚಿದರು. "ಇನ್ನೊಂದು ತರ್ರಿ."